ಋತುವಿಗೊಂದು ನಾಟಕ ಆಡಿಸಿದ ಗುರುದೇವ

ರಾಜ್ಯೋತ್ಸವ ಸಮೀಪಿಸಿತೆಂದರೆ ಹೊರನಾಡಿನ ನಮ್ಮ ಸಂಘಗಳಲ್ಲಿ ನಾಟಕದ ಮಾತು ಏಳುತ್ತದೆ. ಅದರ ಬೆನ್ನಿಗೇ ಖರ್ಚಿನ ಮಾತೂ ಏಳುತ್ತದೆ. ಸಭಾಂಗಣದ ಬಾಡಿಗೆ, ಪರದೆ, ಬಣ್ಣ, ವಾದ್ಯದವರು ಎಂದು ಪಟ್ಟಿ ಬೆಳೆದಂತೆ, ಈ ಸಲ ನಾಟಕ ಬೇಕೇ ಎಂದು ಕೇಳುವವರೂ ಹುಟ್ಟಿಕೊಳ್ಳುತ್ತಾರೆ. ಇಂಥ ಹೊತ್ತಿನಲ್ಲಿ, ಒಂದು ವಿಶ್ವವಿದ್ಯಾಲಯವನ್ನೇ ಕಟ್ಟಿ, ಅಲ್ಲಿ ನಾಟಕವನ್ನೂ ಗೀತನಾಟಕವನ್ನೂ ಪಾಠದಷ್ಟೇ ಮುಖ್ಯವೆಂದು ನಡೆಸಿದ ರವೀಂದ್ರನಾಥ ಠಾಕೂರರ ಜೀವನವನ್ನು ಸ್ಮರಿಸುವುದು ಯುಕ್ತವೆಂದು ನಮಗೆ ತೋರುತ್ತದೆ. ಕವಿಯೆಂದು ಅವರನ್ನು ಎಲ್ಲರೂ ಬಲ್ಲರು. ನಟರೆಂದು, ನಾಟಕ ಕಲಿಸಿದ ಮೇಷ್ಟ್ರೆಂದು ಬಲ್ಲವರು ಕಡಮೆ.

1861ರಲ್ಲಿ ಕಲ್ಕತ್ತೆಯ ಜೋಡಾಸಾಂಕೋ ಮನೆಯಲ್ಲಿ ಅವರು ಜನಿಸಿದರು. ಆ ಮನೆಯಲ್ಲಿ ಸಂಗೀತ, ಅಭಿನಯ ನಿತ್ಯದ ಮಾತು. 1881ರಲ್ಲಿ ಅಲ್ಲಿಯೇ ಅವರ ‘ವಾಲ್ಮೀಕಿ ಪ್ರತಿಭಾ’ ಎಂಬ ಗೀತನಾಟಕ ರಂಗವೇರಿತು. ನಮ್ಮ ರಾಗಗಳ ಜೊತೆಗೆ ಐರ್ಲೆಂಡಿನ ಧಾಟಿಗಳೂ ಅದರಲ್ಲಿ ಸೇರಿದ್ದವು. ವಾಲ್ಮೀಕಿಯ ಪಾತ್ರ ತರುಣ ಕವಿಯದೇ. ಸರಸ್ವತಿಯಾದವಳು ಅಣ್ಣನ ಮಗಳು.

ಮುಂದಿನ ಸಂಗತಿ ಕನ್ನಡಿಗರಾದ ನಮಗೆ ವಿಶೇಷವಾದುದು. ಅವರ ಹಿರಿಯಣ್ಣಂದಿರಲ್ಲಿ ಒಬ್ಬರಾದ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮನು ಅಲ್ಲಿಗೆ ಬಂದು ಕೆಲಕಾಲ ಇದ್ದನು. ಅರಬ್ಬೀ ಸಮುದ್ರದ ದಂಡೆ, ಕಾಳೀ ನದಿ, ಬೆಳದಿಂಗಳು ಇವು ಅವನ ಮನಸ್ಸನ್ನು ಸೆರೆಹಿಡಿದವು. ಅಲ್ಲಿಯೇ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ’. 1884ರಲ್ಲಿ ಅದು ಅಚ್ಚಾಯಿತು. ಲೋಕವನ್ನೇ ಬಿಟ್ಟೆನೆಂದು ಬೀಗಿದ ಸನ್ಯಾಸಿಯೊಬ್ಬನು, ಎಲ್ಲರೂ ದೂರವಿಟ್ಟ ಅನಾಥ ಬಾಲೆಯೊಬ್ಬಳ ಮಮತೆಗೆ ಸಿಕ್ಕಿ, ಹೆದರಿ ಅವಳನ್ನು ತೊರೆದು ಹೋಗುತ್ತಾನೆ. ತಪ್ಪನ್ನರಿತು ಹಿಂತಿರುಗುವಷ್ಟರಲ್ಲಿ ಅವಳು ತೀರಿಕೊಂಡಿರುತ್ತಾಳೆ. ತಮ್ಮ ಮುಂದಿನ ಬರವಣಿಗೆಗೆಲ್ಲ ಇದು ಪೀಠಿಕೆಯೆಂದು ಕವಿಗಳೇ ಭಾವಿಸಿದ್ದರು. ಆ ಪೀಠಿಕೆ ನಮ್ಮ ಕರಾವಳಿಯಲ್ಲಿ ಸಿದ್ಧವಾಯಿತು.

1901ರ ಡಿಸೆಂಬರಿನಲ್ಲಿ ಶಾಂತಿನಿಕೇತನದಲ್ಲಿ ಅವರು ಶಾಲೆ ತೆರೆದಾಗ ಇದ್ದ ವಿದ್ಯಾರ್ಥಿಗಳು ಐವರು. ಖರ್ಚಿಗೆ ಪತ್ನಿ ಮೃಣಾಲಿನೀ ದೇವಿಯವರು ಒಡವೆಗಳನ್ನು ಕೊಟ್ಟರು. ಮರುವರ್ಷವೇ ಆಕೆ ತೀರಿಕೊಂಡರು. ಶಾಲೆ ನಿಲ್ಲಲಿಲ್ಲ. ಮರದಡಿಯ ಆ ಶಾಲೆಯಲ್ಲಿ ನಾಟಕ ಋತುಗಳನ್ನು ಅನುಸರಿಸಿ ಬಂತು. ಶರತ್ಕಾಲದ ರಜೆಗೆ ಮುಂಚೆ ಹುಡುಗರು ಆಡಲೆಂದು 1908ರಲ್ಲಿ ‘ಶಾರದೋತ್ಸವ’, ವಸಂತಕ್ಕೆ ‘ಫಾಲ್ಗುಣಿ’, ಮುಂದೆ ಮಳೆಗಾಲಕ್ಕೆ ‘ವರ್ಷಾಮಂಗಲ’ದ ಹಾಡುಗಳು. ಬಣ್ಣ ಬಳಿದ ಪರದೆಗಳು ಅವರಿಗೆ ಹಿಡಿಸುತ್ತಿರಲಿಲ್ಲ. ನೋಡುವವನ ಕಲ್ಪನೆಗೆ ಕೆಲಸ ಉಳಿಯಬೇಕೆಂಬುದು ಅವರ ನಿಲುವು. 1916ರಲ್ಲಿ ‘ಫಾಲ್ಗುಣಿ’ಯನ್ನು ಬಾಂಕುರಾದ ಕ್ಷಾಮ ಪರಿಹಾರಕ್ಕಾಗಿ ಕಲ್ಕತ್ತೆಯಲ್ಲಿ ಆಡಿದಾಗ ಅವರೇ ಕುರುಡ ಬಾವುಲನ ವೇಷ ಹಾಕಿದರು. 1923ರಲ್ಲಿ, ಅರವತ್ತೆರಡರ ವಯಸ್ಸಿನಲ್ಲಿ, ‘ವಿಸರ್ಜನ’ದ ತರುಣ ಜಯಸಿಂಹನಾದರು.

1921ರಲ್ಲಿ ಶಾಲೆಯೊಡನೆ ವಿಶ್ವಭಾರತಿ ಹುಟ್ಟಿತು. ಮಣಿಪುರಿ ನೃತ್ಯಕ್ಕೆ ಗುರುಗಳು ಬಂದರು. ಆಗ ಎದ್ದುದು ಹೆಣ್ಣುಮಕ್ಕಳ ಪ್ರಶ್ನೆ. ಮರ್ಯಾದಸ್ಥರ ಮನೆಯ ಹುಡುಗಿ ಜನರ ಮುಂದೆ ಕುಣಿಯುವುದೆಂದರೆ ಅಂದಿನ ಸಮಾಜ ಒಪ್ಪುತ್ತಿರಲಿಲ್ಲ. 1926ರಲ್ಲಿ ಹುಡುಗಿಯರೇ ಆಡುವಂತೆ ‘ನಟೀರ್ ಪೂಜಾ’ ಬರೆದರು. ಬುದ್ಧನಿಗೆ ತನ್ನ ನೃತ್ಯವನ್ನೇ ಪೂಜೆಯಾಗಿ ಅರ್ಪಿಸಿ ಪ್ರಾಣ ತೆತ್ತ ನರ್ತಕಿಯ ಕಥೆ ಅದು. ಆ ಪಾತ್ರ ವಹಿಸಿದವಳು ಚಿತ್ರಕಾರ ನಂದಲಾಲ ಬೋಸರ ಮಗಳು ಗೌರಿ. ಮರುವರ್ಷ ಕಲ್ಕತ್ತೆಯಲ್ಲಿ ಪ್ರದರ್ಶನವಾದಾಗ, ಟೀಕೆಗೆ ಹುಡುಗಿಯರನ್ನಷ್ಟೇ ಒಡ್ಡಬಾರದೆಂದು, ಉಪಾಲಿ ಎಂಬ ಭಿಕ್ಷುವಿನ ಪಾತ್ರವನ್ನು ಹೊಸದಾಗಿ ಸೇರಿಸಿ ತಾವೇ ರಂಗಕ್ಕೆ ಬಂದರು. ಹಿರಿಯರಾದವರ ಧರ್ಮವೆಂದರೆ ಇದು.

ಇನ್ನು ಹಣದ ಮಾತು. ಜಮಾ-ಖರ್ಚು ಬರೆಯುವುದೇ ವೃತ್ತಿಯಾದ ನಮಗೆ ಈ ಭಾಗವನ್ನು ಓದಿದಾಗಲೆಲ್ಲ ಮನಸ್ಸು ಮಿಡಿಯುತ್ತದೆ. 1913ರ ನೊಬೆಲ್ ಬಹುಮಾನದ ಹಣವನ್ನು ಅವರು ಪತಿಸರದಲ್ಲಿ ರೈತರಿಗಾಗಿ ತಾವೇ ತೆರೆದಿದ್ದ ಕೃಷಿ ಬ್ಯಾಂಕಿನಲ್ಲಿ ಇಟ್ಟರು. ರೈತನಿಗೆ ಸಾಲ, ಶಾಲೆಗೆ ಬಡ್ಡಿ. ಕೊನೆಗೆ ಸಾಲ ವಸೂಲಾಗದೆ ಬ್ಯಾಂಕು ನಿಂತುಹೋಯಿತು. ವಿಶ್ವಭಾರತಿಯ ಕೊರತೆ ಮಾತ್ರ ವರ್ಷವರ್ಷಕ್ಕೂ ಬೆಳೆಯಿತು. 1936ರಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿ, ‘ಚಿತ್ರಾಂಗದಾ’ ನೃತ್ಯನಾಟಕದ ತಂಡದೊಡನೆ ಅವರು ಉತ್ತರ ಹಿಂದೂಸ್ಥಾನದ ಊರೂರಿಗೆ ಹೊರಟರು. ದಿಲ್ಲಿಯಲ್ಲಿ ಇದನ್ನು ಕಂಡು ಗಾಂಧೀಜಿ ನೊಂದರು. ಇಂಥ ಮುದುಕರು ಹಣಕ್ಕಾಗಿ ತಿರುಗುವುದು ದೇಶಕ್ಕೇ ತಕ್ಕುದಲ್ಲವೆಂದು ಬಗೆದು, ದಾನಿಗಳಿಂದ 60,000 ರೂಪಾಯಿ ಕೂಡಿಸಿಕೊಟ್ಟು ಕೊರತೆ ತುಂಬಿದರು.

ಹಣವೊಂದೇ ಉದ್ದೇಶವಾಗಿದ್ದರೆ ನಾಟಕ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1938ರಲ್ಲಿ ‘ಚಂಡಾಲಿಕಾ’ ನೃತ್ಯನಾಟಕವಾಗಿ ಬಂತು. 1939ರಲ್ಲಿ ‘ಶ್ಯಾಮಾ’ ಬಂತು. ಅಸ್ಪೃಶ್ಯ ಕನ್ಯೆಯೊಬ್ಬಳ ಕೈಯಿಂದ ಭಿಕ್ಷು ನೀರು ಕುಡಿದ ಕಥೆಯನ್ನು ವಿದ್ಯಾರ್ಥಿಗಳು ಹಾಡಿ ಕುಣಿದು ದೇಶಕ್ಕೆ ತೋರಿಸಿದರು. ಗಾಂಧೀಜಿಗೆ ಭಿಕ್ಷಾಟನೆಯಂತೆ ಕಂಡುದು ಕವಿಗಳಿಗೆ ಪಾಠವೇ ಆಗಿತ್ತು. ಶಾಲೆಯ ಗೋಡೆಯಾಚೆ ನಡೆಸಿದ ಪಾಠ.

1941ರ ಆಗಸ್ಟ್ 7ರಂದು ಅವರು ಕಾಲವಾದರು. 1951ರಲ್ಲಿ ವಿಶ್ವಭಾರತಿ ಕೇಂದ್ರ ವಿಶ್ವವಿದ್ಯಾಲಯವಾಯಿತು. ಅಲ್ಲಿನ ಸಂಗೀತ ಭವನದಲ್ಲಿ ಹಾಡು, ನೃತ್ಯಗಳ ಜೊತೆಗೆ ನಾಟಕವೂ ಇಂದು ಪದವಿಯ ವ್ಯಾಸಂಗ.

ನಮ್ಮ ಸಂಘದ ನಾಟಕಕ್ಕೂ ಕೊರತೆ ಬೀಳಬಹುದು. ಅದನ್ನು ಲೆಕ್ಕದಲ್ಲಿ ಬರೆಯುವಾಗ, ಪರಭಾಷೆಯ ಶಾಲೆಗೆ ಹೋಗುವ ನಮ್ಮ ಮಕ್ಕಳು ಎರಡು ತಿಂಗಳು ಕನ್ನಡದ ಮಾತನ್ನು ಬಾಯಿಪಾಠ ಮಾಡಿದ್ದನ್ನು ಜಮಾ ಬದಿಗೆ ಹಿಡಿಯಬೇಕು. ಊರಿಗೆ ಹೋದಾಗ ಕಾರವಾರದ ದಾರಿ ಸಿಕ್ಕಿದರೆ, ಅಲ್ಲಿ ಗುರುದೇವರ ಹೆಸರನ್ನೇ ಹೊತ್ತಿರುವ ಕಡಲತೀರಕ್ಕೆ ಮಕ್ಕಳನ್ನು ಕರೆದೊಯ್ದು, ಇಲ್ಲಿ ಒಂದು ನಾಟಕ ಹುಟ್ಟಿತೆಂದು ಹೇಳೋಣ.