ಭೂಮಾಪಕ ಲ್ಯಾಂಬ್ಟನ್

ಶ್ರೀರಂಗಪಟ್ಟಣವೆಂದೊಡನೆ ಕಾವೇರಿ, ಕೋಟೆ, ರಂಗನಾಥನ ಗುಡಿ, ಟಿಪ್ಪು ಸುಲ್ತಾನನ ಕೊನೆಯ ಯುದ್ಧ ಇವು ನಮ್ಮ ಕಣ್ಣ ಮುಂದೆ ನಿಲ್ಲುತ್ತವೆ. ಆ ಯುದ್ಧಕ್ಕೆ ಬಂದಿದ್ದ ಆಂಗ್ಲ ಸೇನಾಧಿಕಾರಿಗಳಲ್ಲಿ ಒಬ್ಬನು ಮುಂದೆ ಕತ್ತಿಯಿಂದಲ್ಲ, ಗಣಿತದಿಂದ ಹೆಸರಾದನು. ಅವನೇ ವಿಲಿಯಂ ಲ್ಯಾಂಬ್ಟನ್.

ಲ್ಯಾಂಬ್ಟನ್ ಹದಿನೆಂಟನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದನು. ಬಾಲ್ಯದಿಂದಲೇ ಅವನಿಗೆ ಗಣಿತದಲ್ಲಿ ಒಲವು. 1781ರಲ್ಲಿ ಸೈನ್ಯ ಸೇರಿ ಅಮೆರಿಕಕ್ಕೆ ಹೋದನು. ಅಲ್ಲಿ ಯುದ್ಧಕೈದಿಯೂ ಆದನು. ಬಿಡುಗಡೆಯಾದ ಮೇಲೆ ಹಲವು ವರ್ಷ ಕೆನಡದ ಒಂದು ಮೂಲೆಯಲ್ಲಿ ಸಾಮಾನ್ಯ ಹುದ್ದೆಯಲ್ಲಿದ್ದುಕೊಂಡು, ಭೂಮಾಪನವನ್ನು ಕುರಿತ ಗ್ರಂಥಗಳನ್ನು ಓದುತ್ತ ಕಾಲ ಕಳೆದನು. ಭಾರತಕ್ಕೆ ಬಂದಾಗ ಅವನಿಗೆ ನಲವತ್ತು ದಾಟಿತ್ತು.

1799ರ ಏಪ್ರಿಲಿನಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯ ಕಾಲ. ಜನರಲ್ ಬೇರ್ಡನ ಪಡೆಯೊಂದು ರಾತ್ರಿಯ ಕತ್ತಲಲ್ಲಿ ಸಾಗುತ್ತಿತ್ತು. ನಕ್ಷತ್ರಗಳನ್ನು ನೋಡುತ್ತ ನಡೆಯುತ್ತಿದ್ದ ಲ್ಯಾಂಬ್ಟನ್, ಪಡೆಯು ದಾರಿ ತಪ್ಪಿ ಎದುರಾಳಿಯ ಪಾಳೆಯದತ್ತಲೇ ಹೋಗುತ್ತಿದೆಯೆಂದು ಎಚ್ಚರಿಸಿದನು. ಬೇರ್ಡ್ ಮೊದಲು ನಂಬಲಿಲ್ಲ. ದಿಕ್ಸೂಚಿಯಿಂದ ಪರೀಕ್ಷಿಸಿದಾಗ ನಕ್ಷತ್ರಗಳ ಮಾತೇ ನಿಜವಾಯಿತು.

ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದನು. ಗೆದ್ದ ನಾಡಿನ ಕಂದಾಯಕ್ಕೂ ಸೇನೆಯ ಓಡಾಟಕ್ಕೂ ಕಂಪನಿಗೆ ನಕ್ಷೆಗಳು ಬೇಕಾಗಿದ್ದವು. ಲ್ಯಾಂಬ್ಟನ್ನನ ಆಸೆ ಅದಕ್ಕಿಂತ ದೊಡ್ಡದು. ಭೂಮಿಯು ಧ್ರುವಗಳಲ್ಲಿ ತುಸು ಚಪ್ಪಟೆಯಾಗಿದೆಯೆಂದು ನ್ಯೂಟನ್ ಹೇಳಿದ್ದನು. ಅದು ಎಷ್ಟೆಂಬುದನ್ನು ತಿಳಿಯಲು ಸಮಭಾಜಕ ವೃತ್ತಕ್ಕೆ ಸಮೀಪದ ನಾಡಿನಲ್ಲಿ ಅಕ್ಷಾಂಶದ ಒಂದು ಡಿಗ್ರಿಯ ಉದ್ದವನ್ನು ಅಳೆಯಬೇಕಾಗಿತ್ತು. ಅದಕ್ಕೆ ಮೈಸೂರು ಸೀಮೆಯಿಂದ ಆರಂಭಿಸಿ ದಕ್ಷಿಣ ಭಾರತವನ್ನೆಲ್ಲ ಅಳೆಯುವ ಯೋಜನೆಯನ್ನು ಅವನು ಸರ್ಕಾರದ ಮುಂದಿಟ್ಟು ಒಪ್ಪಿಗೆ ಪಡೆದನು.

ಅಳತೆಯ ತತ್ತ್ವ ಸರಳವಾದುದು. ಸಮವಾದ ನೆಲದಲ್ಲಿ ಒಂದು ರೇಖೆಯನ್ನು ಸರಪಳಿಯಿಂದ ಬಹು ಎಚ್ಚರದಿಂದ ಅಳೆಯಬೇಕು. ಅದರ ಎರಡು ತುದಿಗಳಿಂದ ದೂರದ ಬೆಟ್ಟವನ್ನು ನೋಡಿ ಕೋನಗಳನ್ನು ಅಳೆದರೆ, ತ್ರಿಭುಜದ ಉಳಿದ ಬಾಹುಗಳು ಲೆಕ್ಕದಿಂದಲೇ ದೊರೆಯುತ್ತವೆ. ಆ ಬಾಹುಗಳ ಮೇಲೆ ಹೊಸ ತ್ರಿಭುಜಗಳು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ಜಾಲವು ಹಬ್ಬುತ್ತದೆ. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ರೇಖೆಯನ್ನು ಅಳೆದದ್ದೇ ಇದರ ಮೊದಲ ಹೆಜ್ಜೆ. 1802ರ ಏಪ್ರಿಲ್ 10ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಮಹಾಕಾರ್ಯವು ವಿಧ್ಯುಕ್ತವಾಗಿ ಆರಂಭವಾಯಿತು.

ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ನಾವು ಕಲಿಯುತ್ತೇವೆ. ಹಾಳೆಯ ಮೇಲೆ ಇದು ಸತ್ಯ. ದುಂಡಾದ ಭೂಮಿಯ ಮೇಲೆ ಅಲ್ಲ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ಮತ್ತು ನಾಗಮಂಗಲಗಳನ್ನು ಶೃಂಗಗಳನ್ನಾಗಿ ಮಾಡಿ ಒಂದು ತ್ರಿಭುಜವನ್ನು ಎಳೆದೆವೆಂದು ಭಾವಿಸೋಣ. ಪಾಂಡವಪುರವು ಅದರ ಒಳಗೇ ಬರುತ್ತದೆ. ಅದರ ಕ್ಷೇತ್ರಫಲ ಸುಮಾರು 600 ಚದರ ಕಿಲೋಮೀಟರ್. ಭೂಮಿಯ ಮೇಲೆ ಸುಮಾರು 197 ಚದರ ಕಿಲೋಮೀಟರಿಗೆ ಒಂದು ಸೆಕೆಂಡಿನಂತೆ ಕೋನಗಳ ಮೊತ್ತ ಹೆಚ್ಚುತ್ತದೆ. ಆದುದರಿಂದ ಈ ತ್ರಿಭುಜದಲ್ಲಿ ಮೊತ್ತವು 180 ಡಿಗ್ರಿಗಿಂತ ಸುಮಾರು ಮೂರು ಸೆಕೆಂಡು ಹೆಚ್ಚು. ಒಂದು ಸೆಕೆಂಡೆಂದರೆ ಡಿಗ್ರಿಯ 3600ನೆಯ ಒಂದು ಭಾಗ! ಇಷ್ಟು ಸಣ್ಣ ಅಂತರವನ್ನೂ ಲ್ಯಾಂಬ್ಟನ್ ಕಡೆಗಣಿಸಲಿಲ್ಲ. ಕಡೆಗಣಿಸಿದ್ದರೆ ತ್ರಿಭುಜದಿಂದ ತ್ರಿಭುಜಕ್ಕೆ ತಪ್ಪು ಕೂಡುತ್ತ ಹೋಗಿ ನಕ್ಷೆಯೇ ಕೆಡುತ್ತಿತ್ತು.

ಇಂಥ ಸೂಕ್ಷ್ಮತೆಗಾಗಿ ಅವನು ಇಂಗ್ಲೆಂಡಿನಿಂದ ತರಿಸಿದ ಥಿಯೊಡೊಲೈಟ್ ಯಂತ್ರವು ಸುಮಾರು ಅರ್ಧ ಟನ್ ಭಾರವಾಗಿತ್ತು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ತುಂಡಾಗಿ ಯಂತ್ರವು ಗೋಡೆಗೆ ಬಡಿದು ನುಗ್ಗಾಯಿತು. ಲ್ಯಾಂಬ್ಟನ್ ಎದೆಗುಂದಲಿಲ್ಲ. ಗುಡಾರದಲ್ಲಿ ಸುಮಾರು ಆರು ವಾರ ಕುಳಿತು, ಸೊಟ್ಟಗಾದ ಭಾಗಗಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ನೇರ್ಪಡಿಸಿ ಮತ್ತೆ ಬಳಕೆಗೆ ತಂದನು.

ಅವನ ಅಳತೆಯಿಂದ, ಹಳೆಯ ನಕ್ಷೆಗಳು ಪರ್ಯಾಯದ್ವೀಪದ ಅಗಲವನ್ನು ಸುಮಾರು 40 ಮೈಲಿ ಹೆಚ್ಚಾಗಿ ತೋರಿಸಿದ್ದುದು ಬಯಲಾಯಿತು. ಕನ್ಯಾಕುಮಾರಿಯ ಸಮೀಪದಿಂದ ಉತ್ತರಕ್ಕೆ ಸುಮಾರು ಹತ್ತು ಡಿಗ್ರಿಗಳ ಉದ್ದವನ್ನು ಅವನು ಅಳೆದನು. 1823ರ ಜನವರಿ 20ರಂದು, ಕೆಲಸದ ಸಲುವಾಗಿ ನಾಗಪುರದತ್ತ ಹೊರಟಿದ್ದಾಗ, ಹಿಂಗಣಘಾಟದಲ್ಲಿ ತೀರಿಕೊಂಡನು. ಉತ್ತರಾಧಿಕಾರಿ ಎವರೆಸ್ಟನು ಅಳತೆಯನ್ನು ಹಿಮಾಲಯದ ಅಡಿಯವರೆಗೆ ಒಯ್ದನು. ಅವನ ಹೆಸರು ಜಗತ್ತಿನ ಅತ್ಯುನ್ನತ ಶಿಖರಕ್ಕೆ ಬಂದಿತು. ಲ್ಯಾಂಬ್ಟನ್ನನ ಹೆಸರು ಬಹುಮಟ್ಟಿಗೆ ಮರೆಯಾಯಿತು. ಬಿಸಿಲು, ಜ್ವರ, ಕಾಡುಗಳನ್ನು ಲೆಕ್ಕಿಸದೆ ಸರಪಳಿ ಎಳೆದ, ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ನಿಂತ ನಮ್ಮ ನಾಡಿನ ಕೆಲಸಗಾರರಲ್ಲಿ ಹೆಚ್ಚಿನವರ ಹೆಸರಂತೂ ಉಳಿದೇ ಇಲ್ಲ.

ಸಂಖ್ಯಾಸಿದ್ಧಾಂತದ ಮಹಾಗ್ರಂಥವನ್ನು 1801ರಲ್ಲಿ ಪ್ರಕಟಿಸಿದ್ದ ಜರ್ಮನಿಯ ಗೌಸ್ ಕೂಡ ಮುಂದೆ ತನ್ನ ನಾಡಿನ ಭೂಮಾಪನಕ್ಕೆ ಇಳಿದನು. ಮೇಲ್ಮೈಯನ್ನು ಬಿಟ್ಟು ಹೊರಗೆ ಹೋಗದೆ, ಅದರ ಮೇಲಿನ ಅಳತೆಗಳಿಂದಲೇ ಅದರ ಬಾಗನ್ನು ತಿಳಿಯಬಹುದೆಂದು ಅವನು 1827ರಲ್ಲಿ ಸಾಧಿಸಿ ತೋರಿಸಿದನು. ಕಾವೇರಿಯ ದಡದಲ್ಲಿ ನಿಂತವನಿಗೆ ನೆಲವು ಚಪ್ಪಟೆಯಾಗಿಯೇ ಕಾಣುತ್ತದೆ. ಅದು ಬಾಗಿದೆಯೆಂಬುದನ್ನು ಆ ಮೂರು ಸೆಕೆಂಡುಗಳು ಹೇಳುತ್ತವೆ. ಅಷ್ಟು ಮೆಲುದನಿಯ ಮಾತನ್ನು ಕೇಳಿಸಿಕೊಳ್ಳುವುದಕ್ಕಾಗಿಯೇ ಲ್ಯಾಂಬ್ಟನ್ ತನ್ನ ಬಾಳಿನ ಕೊನೆಯ ಇಪ್ಪತ್ತು ವರ್ಷಗಳನ್ನು ಸವೆಸಿದನು.