ಧಾರವಾಡದಲ್ಲಿ ಹುಟ್ಟಿದ ಬೌಲರ್ ಪಾಲ್ವಂಕರ್ ಬಾಲು

ನಮ್ಮ ಮನೆಯಲ್ಲಿ ಕ್ರಿಕೆಟ್ ಜಗಳ ನಡೆಯುವುದು ಉರ್ದುವಿನಲ್ಲಿ. ಅದರಲ್ಲಿ ಯಾರೂ ಎತ್ತದ ಹೆಸರು ಪಾಲ್ವಂಕರ್ ಬಾಲು. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ದಲಿತ ಹುಡುಗನಿಗೆ ಪುಣೆಯ ಯುರೋಪಿಯನ್ನರ ಕ್ಲಬ್‌ನಲ್ಲಿ ಪಿಚ್ ನೋಡಿಕೊಳ್ಳುವ ಕೆಲಸ, ಸಂಬಳ ತಿಂಗಳಿಗೆ 4 ರೂಪಾಯಿ. ನೆಟ್ಸ್‌ನಲ್ಲಿ ಸಾಹೇಬರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಬೇಕಿತ್ತು, ಬ್ಯಾಟ್ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಎಡಗೈ ಸ್ಪಿನ್ ಪಳಗಿದ್ದು ಹಾಗೆ. ಮುಂದೆ ಪುಣೆಯ ಹಿಂದೂ ತಂಡಕ್ಕೆ ಅವರ ವಿಕೆಟ್‌ಗಳು ಬೇಕಾದವು. ಆದರೆ ಚಹಾ ವಿರಾಮದಲ್ಲಿ ಅವರಿಗೆ ಹೊರಗೆ, ಮಣ್ಣಿನ ಲೋಟದಲ್ಲಿ ಬೇರೆಯೇ ಚಹಾ! ಕಾಮರ್ಸ್ ಓದುವ ನನಗೆ ಈ ಲೆಕ್ಕ ತಾಳೆಯಾಗುವುದೇ ಇಲ್ಲ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಪಡೆದರು. ನಾಯಕತ್ವ ಮಾತ್ರ ಸಿಗಲಿಲ್ಲ. ಅದು 1923ರಲ್ಲಿ ಸಿಕ್ಕಿದ್ದು ತಮ್ಮ ವಿಠ್ಠಲ್‌ಗೆ. ಬಾಲು 1955ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.