ಆಂಗ್ಲಾಧ್ಯಾಪಕ ಕವಿ ಜೇಮ್ಸ್ ಕಸಿನ್ಸ್

ನಮ್ಮ ಯಲಹಂಕದಿಂದ ಹೊರಟು ದೇವನಹಳ್ಳಿ, ವಿಜಯಪುರ, ಶಿಡ್ಲಘಟ್ಟಗಳನ್ನು ದಾಟಿ, ಚಿಂತಾಮಣಿಯ ಮೇಲೆ ಮುಂದುವರಿದರೆ ಆಂಧ್ರದ ಗಡಿಯೊಳಗೆ ಮದನಪಲ್ಲಿ ಎಂಬ ಊರು ಸಿಕ್ಕುತ್ತದೆ. ಸುತ್ತಲೂ ಬೆಟ್ಟಗುಡ್ಡ, ಬೇಸಗೆಯಲ್ಲಿಯೂ ಸಹ್ಯವಾದ ಹವೆ. ಈ ಊರಿನ ಥಿಯಾಸಫಿಕಲ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಕೊನೆಗೆ ಈ ಮಣ್ಣಿನಲ್ಲಿಯೇ ದೇಹವಿಟ್ಟ ಐರಿಷ್ ಕವಿ ಡಾ. ಜೇಮ್ಸ್ ಹೆನ್ರಿ ಕಸಿನ್ಸರ ಹೆಸರನ್ನು ಕೇಳದ ಕನ್ನಡ ಅಧ್ಯಾಪಕರು ವಿರಳ. ಆದರೆ ಕೇಳಿರುವವರೆಲ್ಲರೂ ಒಂದೇ ಒಂದು ಪ್ರಸಂಗದ ನಿಮಿತ್ತವಾಗಿ ಕೇಳಿದವರು. 1924ರಲ್ಲಿ ಮೈಸೂರಿನಲ್ಲಿ ತರುಣ ಪುಟ್ಟಪ್ಪನವರ ಇಂಗ್ಲಿಷ್ ಕವಿತೆಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯಿರೆಂದು ಬುದ್ಧಿ ಹೇಳಿದ ಬಿಳಿಯ ಮನುಷ್ಯ ಎಂಬಷ್ಟೇ ಅವರ ಪರಿಚಯ. ಆ ಮಾತನ್ನಾಡುವುದಕ್ಕೆ ನಾಲ್ಕು ವರ್ಷ ಮೊದಲು ಅದೇ ಮನುಷ್ಯರು ಜಪಾನಿನಲ್ಲಿ ಇಂಗ್ಲಿಷ್ ಉಪಾಧ್ಯಾಯರಾಗಿದ್ದರೆಂಬುದು ಬಹುಮಂದಿಗೆ ತಿಳಿಯದು. ಆ ಜಪಾನು ವಾಸವನ್ನು ನಡುವಿನಲ್ಲಿಟ್ಟುಕೊಂಡು ಅವರ ಜೀವನವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಕಸಿನ್ಸರು 1873ರ ಜುಲೈ 22ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ, ಮೆಥಡಿಸ್ಟ್ ಪಂಥದ ಸಾಧಾರಣ ಮನೆತನವೊಂದರಲ್ಲಿ ಜನಿಸಿದರು. ಶಾಲೆಯ ಓದು ಬಾಲ್ಯದಲ್ಲಿಯೇ ನಿಂತಿತು. ಗುಮಾಸ್ತಿಕೆಯ ದುಡಿಮೆ ಆರಂಭವಾಯಿತು. 1897ರಲ್ಲಿ ಡಬ್ಲಿನ್ನಿಗೆ ಹೋದರು. ಆಗ ಅಲ್ಲಿ ಯೇಟ್ಸ್, ಜಾರ್ಜ್ ರಸೆಲ್ ಮೊದಲಾದವರ ನೇತೃತ್ವದಲ್ಲಿ ಐರಿಷ್ ಸಾಹಿತ್ಯದ ಪುನರುಜ್ಜೀವನ ನಡೆಯುತ್ತಿತ್ತು. ಕಸಿನ್ಸರೂ ನಾಟಕಗಳನ್ನು ರಚಿಸಿದರು, ರಂಗವೇರಿ ಅಭಿನಯಿಸಿದರು, ಪುರಾತನ ಐರಿಷ್ ಕಥೆಗಳನ್ನು ಕಾವ್ಯಕ್ಕೆ ತಂದರು. 1903ರಲ್ಲಿ ಮಾರ್ಗರೆಟ್ ಗಿಲೆಸ್ಪಿ ಎಂಬ ಸಂಗೀತ ವಿದುಷಿಯನ್ನು ವರಿಸಿದರು. ದಂಪತಿಗಳಿಬ್ಬರೂ ಸಸ್ಯಾಹಾರಿಗಳು. 1904ರಲ್ಲಿ ತಲೆಯ ಮೇಲೆ ಸೂರಿಲ್ಲದ ತರುಣ ಜೇಮ್ಸ್ ಜಾಯ್ಸ್ ಇವರ ಮನೆಯಲ್ಲಿ ಒಂದೆರಡು ದಿನ ತಂಗಿದ್ದುಂಟು. ಮುಂದೆ ಕಸಿನ್ಸರು ಡಬ್ಲಿನ್ನಿನ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯ ವೃತ್ತಿಯನ್ನು ಕೈಕೊಂಡರು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಐರ್ಲೆಂಡಿಗೆ ತನ್ನದೇ ಆದ ಪ್ರಾಚೀನ ಭಾಷೆಯುಂಟು. 1845ರಲ್ಲಿ ಆರಂಭವಾದ ಮಹಾಕ್ಷಾಮದ ತರುವಾಯ ಅದನ್ನಾಡುವ ಜನ ಸತ್ತರು, ವಲಸೆ ಹೋದರು. ಉಳಿದವರ ಮಕ್ಕಳು ಹೊಟ್ಟೆಪಾಡಿಗಾಗಿ ಇಂಗ್ಲಿಷನ್ನು ಹಿಡಿದರು. ಕಸಿನ್ಸರ ಕಾಲಕ್ಕೆ ಆ ಭಾಷೆ ಪಶ್ಚಿಮ ತೀರದ ಹಳ್ಳಿಗಳಿಗೆ ಸರಿದುಹೋಗಿತ್ತು. ತಮ್ಮ ನಾಡಿನ ಪುರಾಣವನ್ನು ಅನ್ಯರ ನುಡಿಯಲ್ಲಿ ಹಾಡಬೇಕಾದ ಕವಿಗಳ ಪೀಳಿಗೆ ಅದು. ನುಡಿಯನ್ನು ಕಳೆದುಕೊಂಡವರ ಮನೆಯಿಂದ ಬಂದ ಮನುಷ್ಯ ಇವರು.

1915ರಲ್ಲಿ ಡಾ. ಆನಿ ಬೆಸೆಂಟರ ಕರೆಯಂತೆ ದಂಪತಿಗಳು ಭಾರತಕ್ಕೆ ಬಂದರು. ಬೆಸೆಂಟರ ‘ನ್ಯೂ ಇಂಡಿಯಾ’ ಪತ್ರಿಕೆಯಲ್ಲಿ ಕೆಲಸ ದೊರೆಯಿತು. 1916ರಲ್ಲಿ ಡಬ್ಲಿನ್ನಿನಲ್ಲಿ ಬ್ರಿಟಿಷರ ವಿರುದ್ಧ ದಂಗೆಯೆದ್ದು ಗುಂಡಿಗೆ ಬಲಿಯಾದ ಕವಿಗಳನ್ನು ಮೆಚ್ಚಿ ಕಸಿನ್ಸರು ಬರೆದ ಲೇಖನದಿಂದ ಆ ಕೆಲಸ ಹೋಯಿತು. ಹೀಗೆ ಅವರು ಮದನಪಲ್ಲಿಯ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಮುಂದೆ ಪ್ರಾಂಶುಪಾಲರೂ ಆದರು. ಅವರ ವಿಮರ್ಶಾಗ್ರಂಥವೊಂದನ್ನು ನಿಮಿತ್ತವಾಗಿ ಮಾಡಿಕೊಂಡೇ ಶ್ರೀ ಅರವಿಂದರು ಭವಿಷ್ಯದ ಕಾವ್ಯವನ್ನು ಕುರಿತ ತಮ್ಮ ಲೇಖನಮಾಲೆಯನ್ನು 1917ರಲ್ಲಿ ಆರಂಭಿಸಿದರು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಗೆ ಬಂದು ಕಸಿನ್ಸರ ಅತಿಥಿಗಳಾಗಿದ್ದರು. ‘ಜನಗಣಮನ’ ಗೀತೆಯನ್ನು ಅವರು ಹಾಡಲು, ಶ್ರೀಮತಿ ಮಾರ್ಗರೆಟ್ಟರು ಅದರ ಸ್ವರಲಿಪಿಯನ್ನು ಬರೆದಿಟ್ಟುಕೊಂಡರು. ಕವಿಗಳು ಅಲ್ಲಿಯೇ ಅದನ್ನು ಇಂಗ್ಲಿಷಿಗೆ ತಂದುಕೊಟ್ಟರು.

ಅದೇ ವರ್ಷ ಜಪಾನಿನಿಂದ ಕರೆ ಬಂದಿತು. ಟೋಕಿಯೊ ನಗರದ ಕೇಯೋ ವಿಶ್ವವಿದ್ಯಾಲಯದಲ್ಲಿ ಆಧುನಿಕ ಇಂಗ್ಲಿಷ್ ಕಾವ್ಯವನ್ನು ಬೋಧಿಸಬೇಕು. ಕರೆಯ ಹಿಂದೆ ಇದ್ದವರು ಅಲ್ಲಿಯೇ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಕವಿ ಯೋನೆ ನೊಗುಚಿ. ಕಸಿನ್ಸರು ಟೋಕಿಯೊದಲ್ಲಿ ಇದ್ದುದು ಒಂದು ವರ್ಷಕ್ಕೂ ಕಡಿಮೆ. 1919-20ರ ಅವಧಿಯಲ್ಲಿ ಮಾರ್ಗರೆಟ್ಟರು ನಮ್ಮ ಮಂಗಳೂರಿನಲ್ಲಿ ಆಗತಾನೆ ತೆರೆದ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯಸ್ಥೆಯಾಗಿದ್ದರು.

ಜಪಾನಿನಲ್ಲಿ ಪರದೇಶದ ಇಂಗ್ಲಿಷ್ ಉಪಾಧ್ಯಾಯನ ದಿನಚರಿ ಎಂತಹುದು? ಇದನ್ನು ತಿಳಿಯಲು ಕಸಿನ್ಸರಿಗಿಂತ ಮೂವತ್ತು ವರ್ಷ ಹಿಂದೆ ಹೋದ ಇನ್ನೊಬ್ಬರ ಬಾಳನ್ನು ನೋಡಬೇಕು. ಅವರು ಲಾಫ್ಕಾಡಿಯೊ ಹರ್ನ್. ತಂದೆ ಐರಿಷ್, ತಾಯಿ ಗ್ರೀಕ್. ಬಾಲ್ಯ ಕಳೆದದ್ದು ಡಬ್ಲಿನ್ನಿನಲ್ಲಿ. ಎಳೆಯ ವಯಸ್ಸಿನಲ್ಲಿಯೇ ಒಂದು ಕಣ್ಣು ಹೋಗಿತ್ತು. 1890ರಲ್ಲಿ ಮಾತ್ಸುಯೆ ಎಂಬ ಸಣ್ಣ ಕೋಟೆಯೂರಿನ ಸರ್ಕಾರಿ ಶಾಲೆಗೆ ತಿಂಗಳಿಗೆ 100 ಯೆನ್ ಸಂಬಳದ ಮೇಲೆ ಅವರು ಇಂಗ್ಲಿಷ್ ಉಪಾಧ್ಯಾಯರಾಗಿ ನೇಮಕಗೊಂಡರು. ಸ್ಥಳೀಯ ಉಪಾಧ್ಯಾಯರಿಗೆ ಕನಸಿನಲ್ಲಿಯೂ ದೊರೆಯದ ಮೊತ್ತವದು. ತರಗತಿಯೊಳಗೆ ಕಾಲಿಟ್ಟೊಡನೆ ನಾಯಕ ಹುಡುಗನೊಬ್ಬನ ಸೂಚನೆಯಂತೆ ಎಲ್ಲರೂ ಎದ್ದು ಬಾಗಿ ನಮಸ್ಕರಿಸುವರು. ಪಾಠ ಮುಗಿದಾಗ ಮತ್ತೆ ಅದೇ ನಮಸ್ಕಾರ. ನಡುವೆ ಮೌನ. ಪ್ರಶ್ನೆ ಕೇಳುವ ಅಭ್ಯಾಸ ಕಡಿಮೆ. ಓದುವುದು, ಸಾಲುಸಾಲಾಗಿ ತಮ್ಮ ಭಾಷೆಗೆ ಅರ್ಥ ಹೇಳುವುದು ಹೆಚ್ಚು. ಬಾಯಿಬಿಟ್ಟು ಇಂಗ್ಲಿಷ್ ಆಡಲು ಸಂಕೋಚ, ಬರೆಯಲು ಮಾತ್ರ ಶ್ರದ್ಧೆ. (ನಮ್ಮ ಹಳ್ಳಿಗಾಡಿನ ಶಾಲೆಗಳಲ್ಲಿ ಇಂಗ್ಲಿಷ್ ಪಾಠ ನಡೆಯುವ ರೀತಿಯನ್ನು ಬಲ್ಲವರಿಗೆ ಇದು ಅಪರಿಚಿತ ಚಿತ್ರವೇನಲ್ಲ.) ಹರ್ನರು ಮಕ್ಕಳಿಗೆ ಅವರ ನಾಡಿನ ವಿಷಯಗಳನ್ನೇ ಕೊಟ್ಟು ಪ್ರಬಂಧ ಬರೆಯಿಸಿದರು, ಆ ಪ್ರಬಂಧಗಳಿಂದಲೇ ತಾವು ಜಪಾನನ್ನು ಕಲಿತರು.

ಶಾಲೆಯಿಂದ ಮನೆಗೆ ಬಂದರೆ ಪಾದರಕ್ಷೆಗಳನ್ನು ಹೊಸ್ತಿಲ ಹೊರಗೆ ಬಿಡಬೇಕು. ಕುರ್ಚಿ ಮಂಚಗಳಿಲ್ಲ. ನೆಲದ ತುಂಬ ಹಾಸಿದ ದಪ್ಪ ಚಾಪೆಯ ಮೇಲೆಯೇ ಕೂರುವುದು, ಉಣ್ಣುವುದು, ಮಲಗುವುದು. ಗೋಡೆಯ ಸ್ಥಾನದಲ್ಲಿ ಕಾಗದ ಹಚ್ಚಿದ ಸರಿಯುವ ಬಾಗಿಲುಗಳು. ಚಳಿಗಾಲದಲ್ಲಿ ಇದ್ದಲಿನ ಕುಂಡವೊಂದೇ ಗತಿ. ಮಾತ್ಸುಯೆಯ ಚಳಿ ತಡೆಯದೆ ಹರ್ನರು ಕಾಯಿಲೆ ಬಿದ್ದರು. ಕೊಯಿಜುಮಿ ಸೆತ್ಸು ಎಂಬ ಯೋಧ ಮನೆತನದ ಹೆಣ್ಣುಮಗಳನ್ನು ಮದುವೆಯಾದರು. ಆಕೆಗೆ ಇಂಗ್ಲಿಷ್ ಬಾರದು, ಇವರಿಗೆ ಜಪಾನಿ ಬಾರದು. ವಿಭಕ್ತಿಯಿಲ್ಲದ, ಕ್ರಿಯಾಪದಗಳು ರೂಪಗೆಟ್ಟ ಒಂದು ಮುರುಕು ಭಾಷೆಯನ್ನು ಇಬ್ಬರೂ ಸೇರಿ ಕಟ್ಟಿಕೊಂಡರು. ಸಂಸಾರವೂ ಸಾಹಿತ್ಯವೂ ಅದರಲ್ಲಿಯೇ ಸಾಗಿದುವು. ರಾತ್ರಿಯ ಹೊತ್ತು ಆಕೆ ಹಳೆಯ ದೆವ್ವದ ಕಥೆಗಳನ್ನು ಹೇಳುವಾಗ ಪುಸ್ತಕ ಹಿಡಿದು ಓದಬಾರದು, ತನ್ನ ಸ್ವಂತ ಮಾತಿನಲ್ಲಿ ಹೇಳಬೇಕೆಂದು ಹರ್ನರು ನಿರ್ಬಂಧಿಸುತ್ತಿದ್ದರು. 1896ರಲ್ಲಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರು ತಳೆದರು. ಟೋಕಿಯೊದ ಸಾಮ್ರಾಜ್ಯ ವಿಶ್ವವಿದ್ಯಾಲಯ ಅವರನ್ನು 1903ರಲ್ಲಿ ಕೆಲಸದಿಂದ ಬಿಡಿಸಿತು. ಆ ಸ್ಥಾನಕ್ಕೆ ಬಂದವರಲ್ಲಿ ಲಂಡನ್ನಿನಲ್ಲಿ ಓದಿ ಮರಳಿದ್ದ ನಾತ್ಸುಮೆ ಸೋಸೆಕಿ ಒಬ್ಬರು. ಅವರು 1907ರಲ್ಲಿ ಆ ಪೀಠವನ್ನು ಬಿಟ್ಟು ಜಪಾನಿ ಭಾಷೆಯ ಕಾದಂಬರಿಕಾರರಾಗಿ ನಿಂತರು. ಪರದೇಶದ ಗುರುವನ್ನು ಕರೆಯುವುದು, ಕಲಿಯುವುದು, ಬೀಳ್ಕೊಡುವುದು, ಆಮೇಲೆ ತಮ್ಮ ನುಡಿಯಲ್ಲಿ ತಾವೇ ಬರೆಯುವುದು: ಜಪಾನಿನ ಕ್ರಮ ಇದಾಗಿತ್ತು. ಬಿಟ್ಟುಹೋಗುವ ಗುರುವಿಗೆ ಇದು ಕಹಿ. ಹರ್ನರಿಗಂತೂ ಆ ಕಹಿ ಕೊನೆಯವರೆಗೂ ಇಳಿಯಲಿಲ್ಲ. 1904ರ ಸೆಪ್ಟೆಂಬರಿನಲ್ಲಿ ಹೃದಯರೋಗದಿಂದ ತೀರಿಕೊಂಡರು.

ಕಸಿನ್ಸರು ಹೋದಾಗಿನ ಟೋಕಿಯೊ ಟ್ರಾಮು, ವಿದ್ಯುದ್ದೀಪ, ಕಾರ್ಖಾನೆಗಳ ಮಹಾನಗರವಾಗಿತ್ತು. ಹಿಂದಿನ ವರ್ಷವಷ್ಟೇ ಅಕ್ಕಿಯ ಬೆಲೆಯೇರಿ ದೇಶದಾದ್ಯಂತ ದೊಂಬಿಗಳಾಗಿದ್ದುವು. ಮನೆಗಳು ಮಾತ್ರ ಅದೇ ಮರದವು, ಅದೇ ಚಾಪೆ, ಅದೇ ಕಾಗದದ ಬಾಗಿಲು. ಸಸ್ಯಾಹಾರಿಗೆ ಆ ದೇಶ ಸುಲಭವಲ್ಲ. ತರಕಾರಿಯ ಸಾರೆಂದು ಮುಂದಿಟ್ಟ ಬಟ್ಟಲಿನಲ್ಲಿಯೂ ಒಣಮೀನಿನ ರಸವಿರುವುದು ಅಲ್ಲಿಯ ಅಡಿಗೆಯ ವಾಡಿಕೆ. ಬೌದ್ಧ ಮಠಗಳ ಊಟವೊಂದೇ ನಿಶ್ಶಂಕೆಯದು. ನಮ್ಮವರು ಇಂದು ಅಲ್ಲಿಗೆ ಉದ್ಯೋಗಕ್ಕೆ ಹೋಗಿ ಮೊದಲು ಬರೆಯುವ ದೂರು ಇದೇ. ಕಸಿನ್ಸರು ಪಾಠದ ಹೊತ್ತಿನಾಚೆಗೆ ಸುಮ್ಮನಿದ್ದವರಲ್ಲ. ಟೋಕಿಯೊದಲ್ಲಿ ಥಿಯಾಸಫಿಯ ಸಂಘವೊಂದನ್ನು 1920ರಲ್ಲಿ ಕಟ್ಟಿದರು. ಮುಂದೆ ಝೆನ್ ದರ್ಶನವನ್ನು ಪಾಶ್ಚಾತ್ಯರಿಗೆ ತಿಳಿಸಿ ಜಗದ್ವಿಖ್ಯಾತರಾದ ಡಿ. ಟಿ. ಸುಜುಕಿಯವರು ಅದನ್ನು ಸೇರಿದರು. ಅವರೂ ಆಗ ಇಂಗ್ಲಿಷ್ ಮೇಷ್ಟರೇ.

ಕೇಯೋ ವಿದ್ಯಾಸಂಸ್ಥೆಯ ಪೂರ್ವವೃತ್ತಾಂತವನ್ನು ಹೇಳದೆ ಮುಂದುವರಿಯಲಾಗದು. 1858ರಲ್ಲಿ ಅದನ್ನು ಸ್ಥಾಪಿಸಿದವರು ಫುಕುಜಾವಾ ಯುಕಿಚಿ. ಮೊದಲು ಡಚ್ ಭಾಷೆ, ಆಮೇಲೆ ಇಂಗ್ಲಿಷ್ ಕಲಿಸುವುದಕ್ಕಾಗಿಯೇ ಹುಟ್ಟಿದ ಶಾಲೆಯದು. ಆ ಕಾಲದಲ್ಲಿ ಮೋರಿ ಅರಿನೋರಿ ಎಂಬ ರಾಜನೀತಿಜ್ಞರು, ಜಪಾನಿ ಭಾಷೆ ಆಧುನಿಕ ವ್ಯವಹಾರಕ್ಕೆ ಸಾಲದು, ಇಂಗ್ಲಿಷನ್ನೇ ದೇಶಭಾಷೆಯಾಗಿ ತರಬೇಕೆಂದು ಸೂಚಿಸಿದ್ದರು. ಸಭೆಯಲ್ಲಿ ನಿಂತು ಭಾಷಣ ಮಾಡಲು ಜಪಾನಿ ಒಗ್ಗದೆಂಬುದೂ ಅವರ ವಾದ. ಇಂಗ್ಲಿಷ್ ಬಲ್ಲ ಫುಕುಜಾವಾ ಇದನ್ನು ಒಪ್ಪಲಿಲ್ಲ. ಗೆಳೆಯರ ಕೂಟದಲ್ಲಿ ಮುನ್ಸೂಚನೆ ಕೊಡದೆ ಜಪಾನಿಯಲ್ಲಿಯೇ ನಿರರ್ಗಳವಾಗಿ ಮಾತನಾಡಿ, ಎಲ್ಲರಿಗೂ ಅರ್ಥವಾಯಿತಷ್ಟೆ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದರು. 1875ರಲ್ಲಿ ತಮ್ಮ ಶಾಲೆಯ ಮಿತಾ ಆವರಣದಲ್ಲಿ ಭಾಷಣಕ್ಕೆಂದೇ ಒಂದು ಭವನವನ್ನು ಕಟ್ಟಿಸಿದರು. ಇಂಗ್ಲಿಷ್ ಶಾಲೆಯ ಅಂಗಳದಲ್ಲಿ ಸ್ವಭಾಷೆಗೊಂದು ಮಂಟಪ! ಕಸಿನ್ಸರು ಪಾಠ ಹೇಳಿದ್ದು ಈ ಆವರಣದಲ್ಲಿಯೇ. ಅವರ ಸುತ್ತಣ ವಿದ್ಯಾರ್ಥಿಗಳು ಅರ್ಥಶಾಸ್ತ್ರವನ್ನೂ ನ್ಯಾಯಶಾಸ್ತ್ರವನ್ನೂ ವೈದ್ಯವನ್ನೂ ತಮ್ಮ ಭಾಷೆಯಲ್ಲಿಯೇ ಕಲಿಯುತ್ತಿದ್ದರು. ಇಂಗ್ಲಿಷ್ ಅಲ್ಲಿ ಒಂದು ವಿಷಯವೇ ಹೊರತು ಉಳಿದ ವಿಷಯಗಳ ಬಾಗಿಲು ಕಾಯುವ ಭಟನಾಗಿರಲಿಲ್ಲ. ಮದರಾಸು ವಿಶ್ವವಿದ್ಯಾಲಯದ ಪದ್ಧತಿಯನ್ನು ಕಂಡು ಬಂದಿದ್ದ ಕಸಿನ್ಸರಿಗೆ ಈ ಅಂತರ ಕಣ್ಣಿಗೆ ಬೀಳದೆ ಹೋಗಿರುವುದು ಸಾಧ್ಯವಿಲ್ಲ.

ಇನ್ನು ಅವರನ್ನು ಕರೆಸಿಕೊಂಡ ನೊಗುಚಿಯವರ ಕಥೆ. ಹದಿಹರೆಯದಲ್ಲಿ ಅಮೆರಿಕಕ್ಕೆ ಹೋಗಿ, ಇಂಗ್ಲಿಷಿನಲ್ಲಿಯೇ ಕವಿತೆ ಬರೆದು ಲಂಡನ್ ನ್ಯೂಯಾರ್ಕುಗಳಲ್ಲಿ ಹೆಸರು ಗಳಿಸಿದವರು ಅವರು. ಸ್ವದೇಶಕ್ಕೆ ಮರಳಿದ ಮೇಲೆ ತಮ್ಮ ಜನದ ನಡುವೆ ಅರೆಪರದೇಶಿಯಾಗಿ ಉಳಿದರು. ಕಸಿನ್ಸರು ಜಪಾನನ್ನು ಬಿಟ್ಟ ಮರುವರ್ಷ, 1921ರಲ್ಲಿ, ಅವರು ಪ್ರಕಟಿಸಿದ ಜಪಾನಿ ಕವನಸಂಗ್ರಹದ ಹೆಸರೇ ಎರಡು ರಾಷ್ಟ್ರಗಳ ಪ್ರಜೆಯ ಕವಿತೆಗಳೆಂದು. ಎರಡು ಭಾಷೆಗಳಲ್ಲಿಯೂ ತನಗೆ ಪೂರ್ಣ ವಿಶ್ವಾಸವಿಲ್ಲವೆಂಬ ಅಳಲನ್ನು ಅದರಲ್ಲಿ ತೋಡಿಕೊಂಡರು.

ಕಸಿನ್ಸರು ಭಾರತಕ್ಕೆ ಮರಳಿದರು. ಕೇಯೋ ವಿಶ್ವವಿದ್ಯಾಲಯ 1922ರಲ್ಲಿ ಅವರಿಗೆ ಸಾಹಿತ್ಯದ ಡಾಕ್ಟರ್ ಪದವಿಯನ್ನಿತ್ತಿತು. ಚಿಕ್ಕಂದಿನಲ್ಲಿ ಶಾಲೆ ಬಿಟ್ಟ ಐರಿಷ್ ಗುಮಾಸ್ತರನ್ನು ನಾವು ಡಾಕ್ಟರ್ ಕಸಿನ್ಸ್ ಎನ್ನುವುದು ಜಪಾನಿನ ಕೃಪೆಯಿಂದ. ಮಾರನೆಯ ವರ್ಷ ಜಪಾನನ್ನು ಕುರಿತ ಅವರ ಗ್ರಂಥ ಮದರಾಸಿನಿಂದ ಹೊರಬಂದಿತು.

1924ರಲ್ಲಿ ಅವರು ಮೈಸೂರಿನಲ್ಲಿದ್ದರು. ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಚಿತ್ರಶಾಲೆ ರೂಪುಗೊಂಡುದರ ಹಿಂದೆ ಅವರ ಸಲಹೆಯಿತ್ತು. ಇಪ್ಪತ್ತರ ಹರೆಯದ ಕುಪ್ಪಳಿ ಪುಟ್ಟಪ್ಪನವರು, ಎರಡು ವರ್ಷ ಹಿಂದೆ ಅಚ್ಚಾದ ತಮ್ಮ ಇಂಗ್ಲಿಷ್ ಕವನಗಳನ್ನೂ ಹಸ್ತಪ್ರತಿಗಳನ್ನೂ ಹಿಡಿದು, ಖಾದಿಯುಟ್ಟು, ಮೆಚ್ಚುಗೆಯ ನಿರೀಕ್ಷೆಯಿಂದ ಅವರಲ್ಲಿಗೆ ಹೋದರು. ಮೆಚ್ಚುಗೆ ಬರಲಿಲ್ಲ. ಉಟ್ಟ ಬಟ್ಟೆ ಸ್ವದೇಶಿ, ಬರೆಹ ಮಾತ್ರ ಏಕಲ್ಲವೆಂಬ ಆಕ್ಷೇಪ ಬಂದಿತು. ಕನ್ನಡದಲ್ಲಿ ಬರೆದಿದ್ದೀರಾ ಎಂಬ ಪ್ರಶ್ನೆ ಬಂದಿತು. ಇಂಗ್ಲಿಷಿನಲ್ಲಿರುವ ಛಂದೋವೈವಿಧ್ಯಕ್ಕೂ ಹೊಸ ಭಾವಕ್ಕೂ ಕನ್ನಡ ಸಾಲದೆಂದು ತರುಣರು ವಾದಿಸಿದರು. ಮೋರಿ ಅರಿನೋರಿಯವರು ಜಪಾನಿಯ ಮೇಲೆ ಹೊರಿಸಿದ್ದ ದೋಷವೂ ಇದೇ ಅಲ್ಲವೆ? ಸಮರ್ಥನಾದವನು ಬಳಸಿದರೆ ಯಾವ ಭಾಷೆಯೂ ಸಾಲದಾಗುವುದಿಲ್ಲವೆಂದು ಹೇಳಿ ಕಸಿನ್ಸರು ಬಂಗಾಳಿಯಲ್ಲಿ ಬರೆದ ಠಾಕೂರರ ನಿದರ್ಶನವನ್ನು ಕೊಟ್ಟರು. ನಿದರ್ಶನ ಬಂಗಾಳದ್ದು, ಆದರೆ ಆ ಮಾತಿನ ಬೆನ್ನಿಗೆ ಐರ್ಲೆಂಡಿನ ನಷ್ಟವೂ ಟೋಕಿಯೊದ ದರ್ಶನವೂ ನೊಗುಚಿಯವರ ಸಂಕಟವೂ ನಿಂತಿದ್ದುವೆಂಬುದು ನನ್ನ ಊಹೆ. ಹನ್ನೆರಡನೆಯ ಶತಮಾನದ ಶರಣರು ಮಾಡಿ ತೋರಿಸಿದ್ದನ್ನು ಒಬ್ಬ ಐರಿಷ್ ಮನುಷ್ಯರಿಂದ ಕನ್ನಡಿಗರು ಮತ್ತೆ ಕೇಳಿಸಿಕೊಳ್ಳಬೇಕಾಯಿತು ಎಂಬುದು ಬೇರೆ ಮಾತು.

ಪುಟ್ಟಪ್ಪನವರು ಹಿಂದಿರುಗಿದ್ದು ನಿರಾಶೆಯಿಂದ, ಸ್ವಲ್ಪ ಸಿಟ್ಟಿನಿಂದ. ಇಷ್ಟಾಗಿಯೂ ಲೇಖನಿ ಕನ್ನಡಕ್ಕೆ ಹೊರಳಿತು. ಮೂವತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವ ನನಗೆ ಈ ಸಿಟ್ಟಿನ ಭಾಗವೇ ಹೆಚ್ಚು ಪ್ರಿಯ. ಶಾಲೆಯ ಸಂಚಿಕೆಗಾಗಿ ಇಂಗ್ಲಿಷ್ ಪದ್ಯವನ್ನು ತಂದುಕೊಟ್ಟ ಹುಡುಗಿಯೊಬ್ಬಳಿಗೆ ಒಮ್ಮೆ ಇದನ್ನೇ ಹೇಳಿದೆ. ಅವಳೂ ಮುಖ ಊದಿಸಿಕೊಂಡೇ ಹೋದಳು. ಎರಡು ವಾರದ ಮೇಲೆ ತನ್ನ ಅಜ್ಜಿಯ ರಾಗಿ ಕಲ್ಲನ್ನು ಕುರಿತ ಕನ್ನಡ ಪದ್ಯದೊಡನೆ ಬಂದಳು. ಪದ್ಯದಲ್ಲಿ ಮಾತ್ರೆಗಳು ತಪ್ಪಿದ್ದುವು. ಕಲ್ಲಿನ ಸದ್ದು ಸರಿಯಾಗಿತ್ತು.

ಕಸಿನ್ಸರ ಮುಂದಿನ ದಿನಗಳನ್ನು ಸಂಕ್ಷೇಪವಾಗಿ ಹೇಳಬಹುದು. ಅಡಯಾರಿನಲ್ಲಿ ಬೋಧನೆ, ಮದನಪಲ್ಲಿಯಲ್ಲಿ ಮತ್ತೊಮ್ಮೆ ಪ್ರಾಂಶುಪಾಲತ್ವ, ತಿರುವಾಂಕೂರಿನ ಮಹಾರಾಜರಿಗೆ ಕಲಾಸಲಹೆಗಾರರಾಗಿ, 1935ರಲ್ಲಿ ತಿರುವನಂತಪುರದ ಚಿತ್ರಾಲಯದ ಸ್ಥಾಪನೆಗೆ ನೆರವು. 1937ರಲ್ಲಿ ಹಿಂದೂಧರ್ಮವನ್ನು ಸ್ವೀಕರಿಸಿ ಜಯರಾಮ ಎಂಬ ಹೆಸರನ್ನು ಧರಿಸಿದರು. ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು 1927ರಲ್ಲಿ ಕಟ್ಟಿ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆಯನ್ನೂ ಕಂಡ ಮಾರ್ಗರೆಟ್ಟರು ಪಾರ್ಶ್ವವಾಯುವಿಗೆ ತುತ್ತಾಗಿ ವರ್ಷಗಟ್ಟಲೆ ನರಳಿ 1954ರಲ್ಲಿ ನಿಧನರಾದರು.

ಎರಡು ವರ್ಷಗಳ ನಂತರ, 1956ರ ಫೆಬ್ರವರಿ 20ರಂದು, ಮದನಪಲ್ಲಿಯಲ್ಲಿ ಕಸಿನ್ಸರು ಕಣ್ಮುಚ್ಚಿದರು. ಅವರು ಕನ್ನಡಕ್ಕೆ ತಿರುಗಿಸಿ ಕಳುಹಿದ್ದ ಆ ತರುಣರು ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿ, ಕಾಲೇಜಿನ ಶಿಕ್ಷಣವನ್ನು ಕನ್ನಡದಲ್ಲಿ ಕೊಡಲು ಬೇಕಾದ ಪುಸ್ತಕಗಳನ್ನು ಬರೆಯಿಸುವ ಕೆಲಸಕ್ಕೆ ಕೈಹಾಕಿದರು.